ಸಂಡೂರಿನ ಹೊನ್ನೆ

ಸೊಸೆ ತಂದುಕೊಟ್ಟ ಹೊನ್ನೆಮರದ ಟಂಬ್ಲರಿನಲ್ಲಿ ರಾತ್ರಿ ತುಂಬಿಟ್ಟ ನೀರು ಬೆಳಿಗ್ಗೆ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಶುಗರಿಗೆ ಒಳ್ಳೆಯದಂತೆ. ಮೂಗಿನ ಹತ್ತಿರ ಹಿಡಿದೆ. ಆ ಒಗರು ವಾಸನೆ... ನಮ್ಮ ಬಾಟನಿ ಮಿಸ್ ಎದುರಿಗೇ ಬಂದು ನಿಂತಂತಾಯಿತು.

ರಾಜಗೋಪಾಲನಗರದ ಶಾಲೆಯಲ್ಲಿ ನಾನು ಇಂಗ್ಲಿಷ್ ಹೇಳಿಕೊಡುತ್ತಿದ್ದೆ, ಅವರು ಗಿಡಮರ. ಮಕ್ಕಳೆಲ್ಲ ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳು, ಒಬ್ಬೊಬ್ಬರದೂ ಒಂದೊಂದು ಜಿಲ್ಲೆ. ಸಂಕ್ರಾಂತಿಗೆ ಊರಿಗೆ ಹೊರಟವರಿಗೆ ಮಿಸ್ ಕೊಡುತ್ತಿದ್ದ ಹೋಂವರ್ಕ್ ಒಂದೇ, ನಿಮ್ಮ ಕಡೆಯ ಹೊನ್ನೆಕಾಯಿ ತನ್ನಿ. ಖಾನಾಪುರದ್ದು, ಚಾಮರಾಜನಗರದ್ದು, ಸಂಡೂರಿನದು... ಚಪ್ಪಟೆ ರೆಕ್ಕೆಯ ಕಾಯಿಗಳು ಕಂಪಾಸ್ ಬಾಕ್ಸುಗಳಲ್ಲಿ ಬಂದವು, ಕಾಂಪೌಂಡಿನ ಉದ್ದಕ್ಕೂ ಮರಗಳಾದವು. ಹೆಸರಿಗೆ ಎಲ್ಲವೂ ಹೊನ್ನೆ. ಆದರೆ ಒಂದರ ಎಲೆ ಅಗಲ, ಇನ್ನೊಂದರ ತೊಗಟೆ ಒರಟು, ಒಂದು ಹೂ ಬಿಟ್ಟಾಗ ಪಕ್ಕದ್ದರಲ್ಲಿ ಮೊಗ್ಗೂ ಇಲ್ಲ.

ಶಾಲೆಯ ಸೆಕ್ರೆಟರಿಗೆ ಅದೇ ತಲೆನೋವು. ಸ್ವತಃ ಫ್ಯಾಕ್ಟರಿ ಮಾಲೀಕರು, ಎಲ್ಲವೂ ಯೂನಿಫಾರ್ಮ್ ಆಗಿರಬೇಕು. ಇವನ್ನು ತೆಗೆಸಿ, ಒಂದೇ ಮರದಿಂದ ಬೆಳೆಸಿದ ನರ್ಸರಿ ಸಸಿ ಸಾಲಾಗಿ ನೆಡೋಣ ಎಂದರು. ಎಲ್ಲವೂ ಒಂದೇ ತಾಯಿಯವಾದರೆ ಯಾವುದೋ ರೋಗ ಬಂದಾಗ ಸಾಲಿಗೆ ಸಾಲೇ ಮಲಗುತ್ತದೆ, ಬೇರೆ ಬೇರೆಯಾದರೆ ಕೆಲವಾದರೂ ತಡೆದುಕೊಳ್ಳುತ್ತವೆ ಎಂದು ಮಿಸ್ ಸ್ಟಾಫ್ ಮೀಟಿಂಗಿನಲ್ಲೇ ಅವರಿಗೆ ಎದುರು ನಿಂತರು.

ಒಂದು ವರ್ಷ ಬೇಸಿಗೆಗೆ ಮುಂಚೆ, ಉಳಿದವೆಲ್ಲ ಹಸಿರಾಗಿರುವಾಗಲೇ, ಸಂಡೂರಿನ ಮರ ಬೋಳಾಯಿತು. ಸತ್ತಿದೆ ಎಂದು ಸೆಕ್ರೆಟರಿ ಕಡಿಯುವವನನ್ನು ಕರೆಸಿಬಿಟ್ಟರು. ಮೊದಲ ಏಟಿಗೇ ಗಾಯದಿಂದ ಕೆಂಪು ಅಂಟು ಜಿನುಗಿತು. ಮಿಸ್ ಕ್ಲಾಸ್ ಬಿಟ್ಟು ಓಡಿಬಂದು, ಗಂಜಿ ಹಾಕಿದ ಕಾಟನ್ ಸೀರೆಯಲ್ಲೇ ಬುಡದಲ್ಲಿ ಕೂತರು.

"ಸತ್ತಿದ್ದಕ್ಕೆ ರಕ್ತ ಬರತ್ತಾ ಸಾರ್?"

"ಮಿಕ್ಕಿದ್ದೆಲ್ಲಾ ಹಸಿರಾಗಿದೆಯಲ್ಲಮ್ಮ, ಇದಕ್ಕೊಂದಕ್ಕೇನು ಬಂತು?"

"ಇದು ಒಣ ಸೀಮೇದು. ಬೇಗ ಎಲೆ ಉದುರಿಸತ್ತೆ. ನಿಮ್ಮ ಫ್ಯಾಕ್ಟರಿ ಸೈರನ್ನಿಗೆ ಏಳಲ್ಲ, ಮಲಗಲ್ಲ."

ಮೊದಲು ನಕ್ಕವನು ಕಡಿಯಲು ಬಂದವನೇ. ಕೊಡಲಿ ಹೆಗಲಿಗೇರಿಸಿ ಹೊರಟುಹೋದ.

ಮಿಸ್ ತೀರಿಕೊಂಡು ವರ್ಷಗಳಾದವು. ಸ್ಕೂಲ್ ಬಸ್ ನಿಲ್ಲಿಸಲು ಜಾಗ ಬೇಕೆಂದು ಖಾನಾಪುರದ್ದೂ ಹೋಯಿತು, ಚಾಮರಾಜನಗರದ್ದೂ... ಇವತ್ತು ಟಂಬ್ಲರ್ ಕೆಳಗಿಟ್ಟವಳೇ ಶಾಲೆಗೆ ಆಟೋ ಹಿಡಿದೆ. ಸಂಡೂರಿನದು ಬೋಳಾಗಿ ನಿಂತಿತ್ತು, ಹಳೆಯ ಗಾಯದ ಮೇಲೆ ಬಿಳಿ ಪೇಂಟಿನ ಇಂಟು ಮಾರ್ಕ್.

"ಒಣಗಿಹೋಗಿದೆ ಮೇಡಂ," ಎಂದು ಹೊಸ ಪ್ರಿನ್ಸಿಪಾಲ್ ಪಾಪ, ನನಗೊಂದು ಚೇರ್ ತರಿಸಿದಳು.

ಅದನ್ನು ಬುಡಕ್ಕೆ ಎಳೆಸಿಕೊಂಡು, ಇಂಟು ಮಾರ್ಕಿಗೆ ಬೆನ್ನು ಕೊಟ್ಟು ಕೂತೆ. "ಚಿಗುರೋವರೆಗೂ ದಿನಾ ಬರ್ತೀನಿ ಕಣಮ್ಮ. ಅಷ್ಟರಲ್ಲಿ ಯಾರು ಕಡೀತಾರೋ ನೋಡೋಣ."

ಮಿಸ್ ಇದ್ದಿದ್ದರೆ ಈ ಮಾತನ್ನು ನಾನು ಆಡಬೇಕಾಗಿರಲಿಲ್ಲ.