ಕಣ್ಣಾನೂರಿನ ಮರಳಿನಲ್ಲಿ ತೋಡಿದ ಒರತೆ

೧೯೫೫ರ ಬೇಸಿಗೆಯಲ್ಲಿ ನಾನೂ ನನ್ನವ್ವನೂ ಗುಂಡ್ಲುಪೇಟೆಯಲ್ಲಿ ಕಲ್ಲಿಕೋಟೆಯ ಬಸ್ಸು ಹತ್ತಿದೆವು. ನನ್ನದು ಈರುಳ್ಳಿ ಮಂಡಿ. ಕಲ್ಲಿಕೋಟೆಗೆ ಲಾರಿ ಕಳಿಸುತ್ತಿದ್ದ ನಾನು ಅಲ್ಲಿನ ಹಡಗುಗಳನ್ನು ಮನೆಯಲ್ಲಿ ಬಣ್ಣಿಸಿದ್ದೇ ತಪ್ಪಾಯಿತು. “ಸಾಯೋ ಮೊದ್ಲು ನನ್ನೂ ಒಂದ್ಸಲ ಸಮುದ್ರುದ್ ಮ್ಯಾಲೆ ಕರ್ಕಂಡ್ ಓಗ್ಲಾ” ಎಂದು ಅವ್ವ ದುಂಬಾಲು ಬಿದ್ದಳು. ಮಂಗಳೂರಿನವರೆಗೆ ಹಡಗಿನಲ್ಲಿ, ಅಲ್ಲಿಂದ ಮೈಸೂರಿನ ಮೇಲೆ ಬಸ್ಸಿನಲ್ಲಿ ಊರಿಗೆ ಎಂದು ಗೊತ್ತುಮಾಡಿದೆ.

ನೂರು ಮೈಲಿಯ ದಾರಿಯುದ್ದಕ್ಕೂ ಅವ್ವನ ತೊಡೆಯ ಮೇಲೆ ಒಂದು ತಾಮ್ರದ ಬಿಂದಿಗೆ. ಅದರಲ್ಲಿ ನಮ್ಮ ಮನೆಯ ಬಾವಿಯ ನೀರು, ಬಾಯಿಗೆ ಬಿಳಿ ಬಟ್ಟೆಯ ಕಟ್ಟು. ಕೊರಳಲ್ಲಿ ಧರಿಸಿದ ಲಿಂಗವನ್ನು ಅಂಗೈಲಿಟ್ಟು, ತಾನೇ ಸೇದಿದ ನೀರಿನಿಂದ ಪೂಜೆ ಮಾಡದೆ ಅವಳು ಹನಿ ನೀರನ್ನೂ ಬಾಯಿಗೆ ಬಿಡುತ್ತಿರಲಿಲ್ಲ. ಘಾಟಿಯ ತಿರುವುಗಳಲ್ಲಿ ಪಕ್ಕದವರ ಮೇಲೆಲ್ಲ ನೀರು ತುಳುಕಿತು. ಅವರು ಬೈದರು, ಅವ್ವ ತಿರುಗಿ ಬೈದಳು.

ಹಡಗಿನಲ್ಲಿ ನಮ್ಮದು ಡೆಕ್ಕಿನ ಟಿಕೆಟ್ಟು. ನೆತ್ತಿಯ ಮೇಲೆ ಕ್ಯಾನ್ವಾಸು, ಸುತ್ತ ಕೊಬ್ಬರಿ ಮೂಟೆಗಳು. ಹಡಗು ಸರಕು ತುಂಬಿಕೊಳ್ಳುತ್ತ ಒಂದು ಇಡೀ ದಿನ ಕಲ್ಲಿಕೋಟೆಯೆದುರೇ ನಿಂತಿತ್ತು. ಆ ಬೆಳಿಗ್ಗೆ, ಪೂಜೆಗೆ ಕೂರುವ ಹೊತ್ತಿಗೆ, ಅಲೆಗೆ ಹಡಗು ವಾಲಿತು. ಬಿಂದಿಗೆ ಉರುಳಿ ನೀರೆಲ್ಲ ಚೆಲ್ಲಿ ಹೋಯಿತು! ದಡಕ್ಕೆ ಹೋಗಿ ಬರೋಣವೆಂದರೆ ಸರಕಿನ ದೋಣಿಯವರು ಜನರನ್ನು ಹತ್ತಿಸಲೊಪ್ಪಲಿಲ್ಲ.

“ಹಡಗಿನ ನಲ್ಲಿ ನೀರು ಅದೆಯಲ್ಲವ್ವಾ” ಎಂದೆ.

“ಆ ಕಬ್ಬುಣುದ್ ತೊಟ್ಟಿ ನೀರ್ನ ನನ್ ಸ್ವಾಮಿ ಮ್ಯಾಲೆ ಉಯ್ಯದಾ? ಸುಮ್ಕಿರ್ಲಾ.”

ಬೇಡಿದೆ, ಗದರಿದೆ, ಆಣೆ ಹಾಕಿದೆ. ಅವ್ವ ಜಗ್ಗಲಿಲ್ಲ. ಮರುದಿನ ಬೆಳಿಗ್ಗೆ ಹಡಗು ಕಣ್ಣಾನೂರಿನೆದುರು ಲಂಗರು ಹಾಕಿದಾಗ ಅವಳ ತುಟಿ ಒಡೆದಿತ್ತು, ಕಣ್ಣು ಗುಳಿಬಿದ್ದಿತ್ತು. ಹಡಗು ಹೊರಡುವುದು ಸಾಯಂಕಾಲ. ಅಷ್ಟರಲ್ಲಿ ನೀರು ಸಿಗದಿದ್ದರೆ ಮಂಗಳೂರಿಗೆ ನಾನು ಅವ್ವನನ್ನು ಕರೆದೊಯ್ಯುತ್ತೇನೋ ಅವಳ ಹೆಣವನ್ನೋ ಎಂದು ಹೆದರಿ, ಅವಳನ್ನು ಒಂದು ದೋಣಿಗೆ ಇಳಿಸಿದೆ.

ದಡಕ್ಕೆ ಕರೆದೊಯ್ದ ದೋಣಿಯವನ ಹೆಸರು ಬೀರಾನ್. ಹಿಂದೆ ಲಾರಿ ಕ್ಲೀನರಾಗಿ ಗುಂಡ್ಲುಪೇಟೆ ಸಂತೆಗೆ ಬರುತ್ತಿದ್ದನಂತೆ. ಹರಕುಮುರುಕು ಕನ್ನಡ ಬರುತ್ತಿತ್ತು. ದೇವಸ್ಥಾನದ ಕೆರೆ ಎರಡು ಮೈಲಿ ಎಂದ. ಅವ್ವನಿಗೆ ಎರಡು ಮಾರು ನಡೆಯುವ ತ್ರಾಣವೂ ಇರಲಿಲ್ಲ.

ಆದರೆ ಮರಳು ಕಂಡದ್ದೇ ಅವ್ವನ ಮುಖ ಅರಳಿತು. “ಇಷ್ಟೊಂದ್ ಮರಳು ಬಿದ್ದದೆ! ಒರತೆ ತೋಡ್ಲಾ ಮಗ.” ನಮ್ಮ ಕಡೆ ಹೊಳೆ ಬತ್ತಿದರೆ ಮರಳು ಬಗೆದು ನೀರು ತೆಗೆಯುವುದುಂಟಲ್ಲ, ನನಗೂ ಸರಿಯೆನ್ನಿಸಿತು. ಅಲೆಗಳಿಂದ ಹತ್ತು ಮಾರು ಈಚೆ ಕೂತು ನಾಯಿಯ ಹಾಗೆ ಎರಡೂ ಕೈಯಲ್ಲಿ ಬಗೆದೆ. ನೀರು ಬಂತು. ನಾಲಿಗೆಗೆ ಮುಟ್ಟಿಸಿ ನೋಡಿದರೆ ಬರೀ ಉಪ್ಪು! ಬೀರಾನ್ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ಅಳು ಬರುವುದೊಂದು ಬಾಕಿ.

ತೆಂಗಿನ ಮರಗಳ ಹಿಂದೆ ಅವನ ಮನೆ. ನಗು ಕೇಳಿ ಅವನ ತಾಯಿ ಪಾತುಮ್ಮ ಹೊರಗೆ ಬಂದರು. ನನ್ನವ್ವನದೇ ವಯಸ್ಸು, ಕಿವಿಯಂಚಿನುದ್ದಕ್ಕೂ ಸಾಲು ರಿಂಗು. ಮಗನಿಂದ ವಿಷಯ ತಿಳಿದು ತಮ್ಮ ಬಾವಿಯತ್ತ ಕೈ ತೋರಿದರು. ಅವ್ವ ತಲೆ ಅಲ್ಲಾಡಿಸಿದಳು. ಸಾಬರ ಮನೆಯ ಬಾವಿ ಎಂಬುದು ಅವಳ ಮನಸ್ಸಿನಲ್ಲಿದ್ದದ್ದು ನನಗೆ ಗೊತ್ತಾಯಿತು. ಪಾತುಮ್ಮನಿಗೂ ಗೊತ್ತಾಗದೆ ಇರಲಿಲ್ಲ. ನಾಚಿಕೆಯಿಂದ ನಾನು ನೆಲ ನೋಡಿದೆ.

ಆ ತಾಯಿ ಮುಖ ಗಂಟಿಕ್ಕಲಿಲ್ಲ. ಒಳಗಿನಿಂದ ಗುದ್ದಲಿ ತಂದು, ತೋಟದಾಚೆ ತಗ್ಗಿನಲ್ಲಿ ನಿಂತು ಅಗೆಯತೊಡಗಿದರು. ನಾನು ಗುದ್ದಲಿಗೆ ಕೈ ಹಾಕಿ ನಾಲ್ಕು ಏಟು ಹಾಕುವಷ್ಟರಲ್ಲಿ ಅಂಚಿನ ಮರಳೆಲ್ಲ ಕುಸಿಯಿತು. ಅವರು ಗುದ್ದಲಿ ಕಿತ್ತುಕೊಂಡು, ನನ್ನನ್ನು ಕೋಳಿ ಅಟ್ಟುವ ಹಾಗೆ ಅಟ್ಟಿದರು. ಸುಡುಬಿಸಿಲು. ಗುಂಡಿ ಸೊಂಟದಾಳವಾಗಿ ಒದ್ದೆ ಮರಳು ಕಾಣುತ್ತಲೇ ಗುದ್ದಲಿ ಬಿಟ್ಟು ಮೇಲೆ ಬಂದರು. ಇನ್ನು ನಿನ್ನ ಕೈಯಿಂದ ಎಂದು ಅವ್ವನಿಗೆ ಸನ್ನೆ ಮಾಡಿದರು. ನೀರನ್ನು ಮಾತ್ರ ಅವರು ಮುಟ್ಟಲಿಲ್ಲ.

ಅವ್ವ ಗುಂಡಿಗಿಳಿದು ಬೊಗಸೆಯಲ್ಲಿ ಬಗೆದಳು. ಮೊದಲು ಕೆಂಪಗೆ, ಆಮೇಲೆ ತಿಳಿಯಾಗಿ ನೀರು ಒಸರಿತು. ಸಿಹಿ! ಶಿವನೇ, ನನ್ನ ಕಣ್ಣಲ್ಲಿ ನೀರು ಬಂತು.

ತೆಂಗಿನ ನೆರಳಿನಲ್ಲಿ ಪೂಜೆ ಆಯಿತು. ಅವ್ವ ಮೂರು ಬಾರಿ ತೀರ್ಥ ಸೇವಿಸಿದಳು. ನೈವೇದ್ಯದ ಬಾಳೆಹಣ್ಣು, ಬೆಲ್ಲ ಎತ್ತಿ ಮೊದಲು ಪಾತುಮ್ಮನಿಗೆ ನೀಡಿದಳು. ಅವರು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡರು.

“ಯಾಕವ್ವ, ನನ್ ಕೈದು ತಿನ್ನಕಿಲ್ವಾ?” ಎಂದಳು ಅವ್ವ.

“ಉಮ್ಮಾಗೆ ನೋಂಬು ಅಮ್ಮಾ, ರಂಜಾನ್ ಉಪವಾಸ. ಸೂರ್ಯ ಮುಳುಗಬೇಕು. ಅಲ್ಲಿವರೆಗೆ ನೀರೂ ಇಲ್ಲ” ಎಂದ ಬೀರಾನ್.

ಅವ್ವ ಗುಂಡಿಯನ್ನು ನೋಡಿದಳು, ಬೆವರಲ್ಲಿ ತೊಯ್ದ ಪಾತುಮ್ಮನನ್ನು ನೋಡಿದಳು. “ಒಣ ಬಾಯಲ್ಲಿ ನಂಗೋಸ್ಕರ ನೀರ್ ತೆಗೆದ್ಯಾ ತಾಯಿ!” ಎಂದು ಅವರ ಎರಡೂ ಕೈ ಹಿಡಿದುಕೊಂಡಳು. ಮಡಿ ಎಂದು ನನ್ನನ್ನೇ ಹತ್ತಿರ ಸೇರಿಸದ ಹೆಂಗಸು! ಆಕೆ ಮಲಯಾಳದಲ್ಲಿ ಏನೋ ಅಂದರು, ಈಕೆ ಕನ್ನಡದಲ್ಲಿ ಏನೋ ಅಂದಳು, ಇಬ್ಬರೂ ಅತ್ತರು. ಬೀರಾನನೂ ನಾನೂ ದೋಣಿಯ ಕಡೆ ನೋಡುತ್ತ ನಿಂತೆವು.

ಹಡಗು ಹೊರಟ ಮೇಲೆ ಅವ್ವನ ಮುಂದೆ ಬಾಳೆಹಣ್ಣು, ಹುರಿಹಿಟ್ಟು ಇಟ್ಟೆ. ಪಕ್ಕಕ್ಕೆ ಸರಿಸಿದಳು.

“ಪೂಜೆ ಆಯ್ತಲ್ಲವ್ವಾ, ಇನ್ನೇನ್ ರಗಳೆ?” ಎಂದು ರೇಗಿದೆ.

“ಗುಂಡಿ ತೋಡ್ದೋಳು ಇನ್ನೂ ಬಾಯಿಗ್ ನೀರ್ ಬುಟ್ಟಿಲ್ಲ. ನಾನ್ ಎಂಗ್ಲಾ ಉಣ್ಲಿ?”

ಅವಳ ಪಕ್ಕದಲ್ಲಿ ನಾನೂ ಕೂತೆ. ಸೂರ್ಯ ಇಳಿಯುವುದನ್ನು ಅವ್ವ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಕೊನೆಯ ಅಂಚೂ ನೀರಿಗಿಳಿದ ಮೇಲೆ, ದೂರವಾಗುತ್ತಿದ್ದ ದಡದ ಕಡೆ ತಿರುಗಿ, ಎದುರಿಗಿರುವವರಿಗೆ ಹೇಳುವಂತೆ ಹೇಳಿದಳು:

“ಏಳವ್ವ, ಒತ್ತಾಯ್ತು. ಉಣ್ಣು.”

ಆಮೇಲೆ ಬಾಳೆಹಣ್ಣಿಗೆ ಕೈ ಚಾಚಿದಳು.