ದೊಡ್ಡಮ್ಮನ ಗೂಟ

ಹಳೆಯ ಫ್ಲಾಪಿಗಳ ಡಬ್ಬಿ ತೆಗೆದರೆ ರಟ್ಟಿನ ವಾಸನೆ ಬಂತು. ಎಷ್ಟೋ ಮಳೆಗಾಲದ ತೇವ ಕುಡಿದು ಒಣಗಿದ ರಟ್ಟಿಗೆ ಒಂದು ಹುಳಿ ವಾಸನೆ ಇರುತ್ತದೆ. ತಳದಲ್ಲಿ ಗೇಣುದ್ದದ ಒಂದೇ ತುಂಡು, ಮೈತುಂಬ ತೂತು. ಮಗ್ಗದ ಮೇಲೆ ಕೂರಿಸುವ ಜಕಾರ್ಡ್ ಯಂತ್ರಕ್ಕೆ ಹಾಕುವ ರಟ್ಟು ಅದು. ತೂತು ಇರುವ ಕಡೆ ಎಳೆ ಮೇಲೇಳುತ್ತದೆ, ಸೀರೆಯಲ್ಲಿ ಹೂವು ಮೂಡುತ್ತದೆ. ಅದನ್ನು ಹೊಡೆದ ಕೈ ನಮ್ಮ ಪಕ್ಕದ ಮನೆಯ ದೊಡ್ಡಮ್ಮನದು.

ಹಿಂದೂಪುರದ ನಮ್ಮ ಬೀದಿಗೆಲ್ಲ ಅವರು ದೊಡ್ಡಮ್ಮನೇ. ಗಂಡ ಹೋದ ಮೇಲೆ ಗಂಡನ ಕೆಲಸವನ್ನು ತಾವೇ ಹಿಡಿದರು. ಗ್ರಾಫ್ ಹಾಳೆಯಲ್ಲಿ ಸೀರೆಯ ಅಂಚು ಬರೆಯುವುದು, ಅದನ್ನು ನೋಡಿ ರಟ್ಟಿಗೆ ತೂತು ಹೊಡೆಯುವುದು, ರಟ್ಟುಗಳನ್ನು ದಾರದಲ್ಲಿ ಸರ ಪೋಣಿಸುವುದು. ಬಾಗಿಲ ಪಕ್ಕದ ಗೂಟಕ್ಕೆ ಆ ಸರಗಳು ನೇತಾಡುತ್ತಿದ್ದವು. ಸೋಮಂದೇಪಲ್ಲಿಯಿಂದ, ಲೇಪಾಕ್ಷಿಯಿಂದ ನೇಕಾರರು ಬಂದು ಬೇಕಾದ್ದನ್ನು ಒಯ್ದು ನಕಲು ಹೊಡೆದುಕೊಳ್ಳುತ್ತಿದ್ದರು. ಷರತ್ತು ಒಂದೇ.

“ತಗಂಡೋಗಪ್ಪ, ಬ್ಯಾಡ ಅನ್ನಲ್ಲ. ಆದ್ರೆ ನೀನೊಂದು ಹೂವ ಸೇರಿಸ್ದೆ ಅಂದ್ರೆ ಅದ್ನೂ ತಂದು ಇಲ್ಲೇ ನೇತಾಕ್ಬೇಕು. ಇಲ್ದಿದ್ರೆ ಗೂಟಕ್ಕೆ ನಿನ್ನೇ ನೇತಾಕ್ಬುಡ್ತೀನಿ ಕಣ್ಲಾ!”

ತೊಂಬತ್ತರ ದಶಕದಲ್ಲಿ ನಾನು ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ಬಿಡುವಿನಲ್ಲಿ ಒಂದು ಪ್ರೋಗ್ರಾಂ ಬರೆದೆ. ಪರದೆಯ ಮೇಲೆ ಚೌಕಗಳನ್ನು ತುಂಬಿದರೆ, ಯಾವ ರಟ್ಟಿಗೆ ಎಲ್ಲಿ ತೂತು ಎಂದು ಅದು ಅಚ್ಚು ಹಾಕಿ ಕೊಡುತ್ತಿತ್ತು. ದೊಡ್ಡಮ್ಮ ತಮ್ಮ ಗ್ರಾಫ್ ಹಾಳೆಗಳ ಕಟ್ಟನ್ನೇ ಎತ್ತಿ ಕೊಟ್ಟರು. ಅವನ್ನು ತುಂಬುವಾಗ ಮಾವಿನಕಾಯಿ ಅಂಚಿನಲ್ಲಿ ಯಾವುದಕ್ಕೂ ಸೇರದ ಒಂಟಿ ಚೌಕ ಕಂಡಿತು. ಕೈ ತಪ್ಪಿರಬೇಕು ಎಂದು ಅಳಿಸಿದೆ. ಬೇರೆ ಅಂಚುಗಳಲ್ಲೂ ಅಂಥದೇ ಒಂದೊಂದು ಇತ್ತು, ಅಳಿಸಿದೆ. ನನ್ನ ಬುದ್ಧಿವಂತಿಕೆಗೆ ಬೆಂಕಿ ಹಾಕ!

ಕೇಳಿದವರಿಗೆಲ್ಲ ಫ್ಲಾಪಿ ಕೊಟ್ಟೆ. ಮೊದಲ ಪರದೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿದ್ದೆ: ಯಾರು ಏನು ಬೇಕಾದರೂ ಮಾಡಿಕೊಳ್ಳಬಹುದು. ದೊಡ್ಡ ದಾನಶೂರನ ಹಾಗೆ. ಕಲ್ಯಾಣದುರ್ಗದ ಸೀರೆ ವ್ಯಾಪಾರಿಯೊಬ್ಬನೂ ಒಯ್ದ. ವರ್ಷ ತುಂಬುವುದರೊಳಗೆ ಅವನು ಯಾರಿಂದಲೋ ಅದನ್ನು ತಿದ್ದಿಸಿ, ಪಾಸ್‌ವರ್ಡ್ ಹಾಕಿಸಿ, ತನ್ನ ಅಂಗಡಿಯ ಹೆಸರು ಮೆರೆಸಿ ಮಾರತೊಡಗಿದ, ದೊಡ್ಡಮ್ಮನ ಅಂಚುಗಳ ಸಮೇತ.

ಒಂದು ದಿನ ಸೋಮಂದೇಪಲ್ಲಿಯ ನೇಕಾರನೊಬ್ಬ ದೊಡ್ಡಮ್ಮ ಹೊಡೆದುಕೊಟ್ಟಿದ್ದ ಮಾವಿನಕಾಯಿ ಸರವನ್ನು ವಾಪಸ್ ತಂದು ಜಗಲಿಯ ಮೇಲಿಟ್ಟ.

“ಕಲ್ಯಾಣದುರ್ಗದ ಸಾವ್ಕಾರು ಈ ರಟ್ನಾಗೆ ನೇಯ್ದ ಸೀರೆ ಮುಟ್ಟಲ್ಲ ಅಂತಾನೆ ದೊಡ್ಡಮ್ಮ. ‘ಇದಿ ಮಾ ಡಿಜೈನು, ಇದು ನಮ್ದು’ ಅಂತ ಜಗಳುಕ್ಕೇ ಬತ್ತಾನೆ. ನಿಮ್ದೇ ನಕಲಂತೆ. ನಕಲು ಹೊಡೆಯೋವಾಗ ಕೈತಪ್ಪಿ ಚುಕ್ಕೆ ಬಿದ್ದೈತೆ, ಅದೇ ಸಾಕ್ಷಿಯಂತೆ.”

ನಾನು ಅಳಿಸಿದ್ದ ಒಂಟಿ ಚೌಕವೇ ಸೀರೆಯ ಮೇಲಿನ ಆ ಚುಕ್ಕೆ, ದೊಡ್ಡಮ್ಮನ ಸಹಿ. ಅಕ್ಷರ ಬಾರದ ಅವರು ಪ್ರತಿ ಅಂಚಿನಲ್ಲೂ ಬೇಕೆಂದೇ ಒಂದು ತೂತು ಹೆಚ್ಚಿಗೆ ಹೊಡೆಯುತ್ತಿದ್ದರಂತೆ. ನನಗದು ತಿಳಿದದ್ದು ಆವತ್ತು. ಅಳಿಸಿದವನು ನಾನೇ ಎಂಬುದನ್ನು ಬಚ್ಚಿಟ್ಟೆ.

ಬಸ್ಸು ಹತ್ತಿ ಕಲ್ಯಾಣದುರ್ಗಕ್ಕೆ ಹೋದೆ. ವ್ಯಾಪಾರಿ ಕಂಪ್ಯೂಟರಿನಲ್ಲಿ ನನ್ನದೇ ಸಾಲು ತೋರಿಸಿ, “ಮೀರೇ ರಾಸಾರು ಕದಾ ಸಾರ್, ನೀವೇ ಬರೆದಿದ್ದಲ್ವಾ?” ಎಂದು ನಕ್ಕು ಸೋಡಾ ತರಿಸಿದ. ಆ ಸೀಸೆಯನ್ನು ಅವನ ಗಾಜಿನ ಬೀರುವಿಗೆ ಬೀಸಿ ಹೊಡೆಯಬೇಕಿತ್ತು. ಕುಡಿದು ಬಂದೆ... ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಅಲ್ಲಿ ನಡೆದದ್ದನ್ನು ದೊಡ್ಡಮ್ಮ ಕೇಳಿಸಿಕೊಂಡು, ರಟ್ಟು ಹೊಡೆಯುವ ಸುತ್ತಿಗೆ ಕೆಳಗಿಟ್ಟರು.

“ಅವ್ನು ಕಳ್ಳ, ಬುಡು. ನಿಂಗೇನು ಬಂದಿತ್ತು ರೋಗ? ಕೊಡಬ್ಯಾಡ ಅಂದ್ನಾ ನಾನು? ನಾನೂ ಕೊಟ್ಟೋಳೇ. ನಿನ್ ಕಂಪ್ಯೂಟರ್ನಾಗೆ ಗೂಟ ಎಲ್ಲೈತ್ಲಾ?”

ವ್ಯಾಪಾರಿಯ ಜಗಳಕ್ಕೆ ಹೆದರಿ ನೇಕಾರರು ಬರುವುದು ಬಿಟ್ಟರು. ಸರಗಳು ಒಂದೊಂದಾಗಿ ಅಟ್ಟ ಸೇರಿದವು. ಕೊನೆಕೊನೆಗೆ ಆ ಗೂಟದಲ್ಲಿ ಒಂದು ಹರಿದ ಕೊಡೆ ನೇತಾಡುತ್ತಿತ್ತು. ಅವರು ತೀರಿಕೊಂಡ ಮೇಲೆ ಮನೆ ಖಾಲಿ ಮಾಡಿದವರು ಹಾಳೆಗಳನ್ನೂ ಸರಗಳನ್ನೂ ನೀರೊಲೆಗೆ ಹಾಕಿದರಂತೆ.

ಈಗ ಆ ಪ್ರೋಗ್ರಾಮನ್ನು ಹೊಸದಾಗಿ ಬರೆದಿದ್ದೇನೆ. ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಬಿಡುವ ಮುಂಚೆ ಯಾವ ಲೈಸೆನ್ಸ್, ಅಂದರೆ ಯಾವ ಷರತ್ತಿನ ಮೇಲೆ ಕೊಡುವುದು ಎಂದು ಆರಿಸಬೇಕು. ಸಹಾಯಕ್ಕಿದ್ದ ಅಕ್ಕನ ಮಗಳು, “ಏನ್ ಬೇಕಾದ್ರೂ ಮಾಡ್ಕಳಿ ಅನ್ನೋದನ್ನೇ ಹಾಕು ಮಾಮ. ಷರತ್ತು ಇದ್ರೆ ಕಂಪ್ನಿಯೋರು ಮುಟ್ಟಲ್ಲ” ಎಂದಳು. “ಮುಟ್ಟದಿದ್ರೆ ಮನೆ ಹಾಳಾಗೋಗ್ಲಿ!” ಎಂದು ಕಿರುಚಿಬಿಟ್ಟೆ. ಪಾಪ, ಅವಳಿಗೇನು ಗೊತ್ತು. ನಾನು ಇನ್ನೊಂದನ್ನು ಆರಿಸಿದೆ: ತಿದ್ದಿ ಹಂಚುವವನು ತಾನು ತಿದ್ದಿದ್ದನ್ನೂ ಇದೇ ಷರತ್ತಿನ ಮೇಲೆ ಬಿಚ್ಚಿಟ್ಟು ಕೊಡಬೇಕು. ಗೂಟ ಹೊಡೆದಾಯಿತು ದೊಡ್ಡಮ್ಮ, ಇಷ್ಟು ವರ್ಷಕ್ಕೆ.

ಮಾವಿನಕಾಯಿ ಅಂಚೂ ಅದರಲ್ಲಿದೆ. ಅಳಿಸಿದ ಚೌಕವನ್ನು ಮತ್ತೆ ತುಂಬಲು ಕೂತೆ. ಎಷ್ಟನೆಯ ಸಾಲು... ಬಳ್ಳಿಯ ಕೆಳಗೋ, ಕಾಯಿಯ ತುದಿಗೋ... ಆ ಸರದಲ್ಲಿ ಉಳಿದಿರುವ ಈ ಒಂದು ರಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಪರದೆಯ ಚೌಕಗಳ ಜೊತೆ ಒಂದೊಂದೇ ತೂತು ತಾಳೆ ನೋಡಿದೆ. ಎಲ್ಲ ಸರಿಯಾಗಿವೆ. ಹೆಚ್ಚಿಗೆ ಒಂದೂ ಇಲ್ಲ. ಆ ತೂತಿದ್ದ ರಟ್ಟು ನೀರೊಲೆಗೆ ಹೋಗಿದೆ.