ಗೋಡೆಯಾಚೆಗೆ ಕೇಳಿಸಿದ ರೊಟ್ಟಿ

ಬಾಗಿಲು ತೆರೆದಾಗ ನನ್ನ ಎರಡೂ ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಎಂಬತ್ತರ ದಶಕದಲ್ಲಿ ನಾನೊಬ್ಬನೇ ಇದ್ದ, ಮುಂಬಯಿ ಹತ್ತಿರದ ಡೊಂಬಿವಲಿಯ ಒಂದೊಂದೇ ಕೋಣೆಯ ಮನೆಗಳ ಚಾಳಿನಲ್ಲಿ, ಪಕ್ಕದ ಖೋಲಿಯವರು ವಿಜಾಪುರದ ಕಡೆಯ ಒಬ್ಬ ಅಜ್ಜಿ. ಅವರೇ ಹೊರಗೆ ನಿಂತಿದ್ದರು.

“ರೊಟ್ಟಿ ಬಡಿಯೋ ಸಪ್ಪಳ ಕೇಳಿಸ್ತು. ನಿಮ್ಮವ್ವ ಊರಿಂದ ಬಂದಾರೇನಪಾ? ಒಂದೀಟು ಮಾತಾಡೋಣಂತ ಬಂದೆ.”

“ಇಲ್ರೀ ಅಜ್ಜಿ, ನಾನ ಬಡಿಯಾಕತ್ತೀನಿ.”

ಅವರ ಮುಖ ಸಣ್ಣದಾಯಿತು. ಅಡುಗೆ ಮಾಡುವಾಗ, ಹೇಗೆ ಮಾಡಬೇಕೆಂದು ಅವ್ವ ಊರಿಂದ ಬರೆಸಿ ಕಳಿಸಿದ್ದ ಪತ್ರ ಬಿಚ್ಚಿಟ್ಟುಕೊಂಡು, ಅದರಲ್ಲಿದ್ದ ಅಳತೆ ತಪ್ಪದಂತೆ ಹಾಕುತ್ತಿದ್ದವನು ನಾನು. ಅಂದು ಮೊದಲ ಸಲ ಪತ್ರ ತೆಗೆಯದೆ, ಉಳಿದಿದ್ದ ಮೆಂತ್ಯಸೊಪ್ಪು, ಅರ್ಧ ಉಳ್ಳಾಗಡ್ಡಿ, ಒಂದು ಮೆಣಸಿನಕಾಯಿ ಹೆಚ್ಚಿ ಹಿಟ್ಟಿಗೆ ಕಲಸಿದ್ದೆ. ರೊಟ್ಟಿ ಬಡಿಯಲು ಹಲಗೆ ಇರಲಿಲ್ಲ. ಊಟದ ತಾಟನ್ನೇ ಬೋರಲು ಹಾಕಿದ್ದೆ. ಅದರ ಸದ್ದು ಇಡೀ ಚಾಳಿಗೆ ಕೇಳಿಸಿರಬೇಕು.

ಅಂಚು ಹರಿದ ಒಂದು ರೊಟ್ಟಿ ಕೊಟ್ಟೆ. ಅಜ್ಜಿ ಹೊಸ್ತಿಲಲ್ಲೇ ನಿಂತು ಪೂರ್ತಿ ತಿಂದರು.

“ಉಪ್ಪು ಜಾಸ್ತಿ ಆಗೇದ. ಇರ್ಲಿ, ನಾಳೆನೂ ಹಿಂಗ ಬಡಿ. ನಾ ಆ ಕಡಿಂದ ಕೇಳ್ತೀನಿ.”

ಆ ಚಾಳು ಬಿಟ್ಟು ಬಹಳ ವರ್ಷಗಳಾದವು. ಈಗಲೂ ಒಬ್ಬನಿಗೇ ಅಡುಗೆ, ಕೈಗೆ ಸಿಕ್ಕಿದ್ದರಲ್ಲೇ. ಗೋಡೆಯಾಚೆ ಯಾರಿದ್ದಾರೋ ಗೊತ್ತಿಲ್ಲ. ರೊಟ್ಟಿಯನ್ನು ಮಾತ್ರ ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಬಡಿಯುತ್ತೇನೆ.